ಸಬ್ಸಿಡಿ ಸಾಹೇಬ್ರು ಬಂದ್ರು

ಸರ್ಕಾರ ‘ನೋಡಿ ಬಾ’ ಎಂದು ನನ್ನನ್ನು ಕಳಿಸಿದ ಕಡೆಯೆಲ್ಲ ನಾನು ನೋಡಿದ್ದಕ್ಕಿಂತ ಅಲ್ಲಿನ ಜನ ನನ್ನನ್ನು ನೋಡಿ ನಕ್ಕಿದ್ದೇ ಹೆಚ್ಚು. ಎಪ್ಪತ್ತರ ದಶಕದ ಕೊನೆಗೆ ನಾನು ಬಳ್ಳಾರಿಯ ಕೈಗಾರಿಕಾ ಕಚೇರಿಯಲ್ಲಿ ಇನ್‌ಸ್ಪೆಕ್ಟರ್. ಸಣ್ಣ ಕಾರ್ಖಾನೆಯವರು ಇನ್ನೊಂದಿಷ್ಟು ಬೆಳೆಯಲಿ, ಊರಿನವರಿಗೆ ಕೆಲಸ ಸಿಗಲಿ ಎಂದು ಸರ್ಕಾರ ಸಹಾಯಧನ ಕೊಡುತ್ತಿತ್ತು. ಅರ್ಜಿ ಹಾಕಿದವರ ಯಂತ್ರ ಇದೆಯೋ ಇಲ್ಲವೋ, ಕೆಲಸಗಾರರು ನಿಜವೋ ಸುಳ್ಳೋ ನೋಡಿ ವರದಿ ಬರೆಯುವುದು ನನ್ನ ಕೆಲಸ. ಅವರ ಭವಿಷ್ಯ ಆ ವರದಿಯ ಮೇಲೆ ನಿಂತಿರುತ್ತಿದ್ದರಿಂದ ಗಂಭೀರವಾಗಿರಬೇಕು ಎಂದುಕೊಂಡೇ ಹೋಗುತ್ತಿದ್ದೆ. ಆಗುತ್ತಿರಲಿಲ್ಲ.

ಚಾಲಕ ಶಕ್ತಿ

ಗಾಂಧಿನಗರದ ಹಿಂದಿನ ಓಣಿಯಲ್ಲಿ ಒಬ್ಬ ದರ್ಜಿ ಎರಡು ಕೋಣೆಗಳಲ್ಲಿ ಪ್ಯಾಂಟು ಹೊಲಿಸಿ ಅಂಗಡಿಗಳಿಗೆ ಹಾಕುತ್ತಿದ್ದ. ಇದ್ದ ನಾಲ್ಕು ಮಿಷನ್ ಜೊತೆ ಇನ್ನೂ ಆರು ತರಲು ಅರ್ಜಿ ಕೊಟ್ಟ. ಅರ್ಜಿಯಲ್ಲಿ ‘ಯಂತ್ರಗಳ ಚಾಲಕ ಶಕ್ತಿ ಯಾವುದು?’ ಎಂಬ ಕಾಲಂ ಇತ್ತು. ವಿದ್ಯುತ್ತೋ ಡೀಸೆಲ್ಲೋ ಎಂದು ತುಂಬಬೇಕಾದ ಕಡೆ ಆತ ‘ಹೆಂಡತಿ’ ಎಂದು ಬರೆದಿದ್ದ.

ನಮ್ಮ ಮೇಲಧಿಕಾರಿಗೆ ಸಿಟ್ಟು ಬಂತು. “ತಮಾಷೆ ಮಾಡ್ತಾನೆ. ಹೋಗಿ ನೋಡಿ, ಸರಿ ಕಾಣದಿದ್ರೆ ಅರ್ಜಿ ವಾಪಸ್ ಕಳಿಸಿ” ಎಂದರು.

ನಾನು ಹೋದಾಗ ನಾಲ್ಕೂ ಮಿಷನ್ ಮೇಲೆ ಬಟ್ಟೆ ಹೊದಿಸಿತ್ತು. ದರ್ಜಿ ಒಬ್ಬನೇ ಕತ್ತರಿ ಹಿಡಿದು ಕೂತಿದ್ದ.

“ಕೆಲಸದವರೆಲ್ಲಿ?”

“ಚಾ ಕುಡಿಯಾಕ ಹೋಗ್ಯಾರ್ರೀ.”

“ಯಾವಾಗ ಹೋದರು?”

“ನಿನ್ನಿ.”

ಹೆಂಡತಿ ಅಕ್ಕನ ಮಗಳ ಸೀಮಂತಕ್ಕೆ ಹೋಗಿದ್ದಳಂತೆ. ನಾವು ಮಾತಾಡುತ್ತಿರುವಾಗಲೇ ಆಕೆ ಜಟಕಾದಿಂದ ಇಳಿದಳು. ಕೈಯಲ್ಲಿದ್ದ ಚೀಲ ಕೆಳಗಿಡುವ ಮೊದಲೇ ಓಣಿಯ ತುದಿಯ ಹೋಟೆಲ್ ಕಡೆ ತಿರುಗಿ ಒಮ್ಮೆ ನೋಡಿದಳು. ಕೂಗಲೂ ಇಲ್ಲ. ನಾಲ್ವರು ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದು ಕೂತರು. ನಾಲ್ಕೂ ಮಿಷನ್ ಒಟ್ಟಿಗೇ ಶುರುವಾದವು. ದರ್ಜಿಯ ಕತ್ತರಿಗೂ ವೇಗ ಬಂತು.

ವರದಿಯಲ್ಲಿ ಬರೆದೆ: ‘ಅರ್ಜಿದಾರರು ನಮೂದಿಸಿದ ಚಾಲಕ ಶಕ್ತಿಯನ್ನು ಖುದ್ದಾಗಿ ಕಂಡಿದ್ದೇನೆ. ಹತ್ತು ಮಿಷನ್‌ಗೂ ಸಾಲುತ್ತದೆ.’

ಐದು ವರ್ಷದ ಯೋಜನೆ

ಕೊಳಗಲ್ಲಿನಲ್ಲಿ ಒಬ್ಬ ತಾಯಿ ಶಾಲೆಗಳಿಗೆ ಸೀಮೆಸುಣ್ಣ ಮಾಡಿ ಮಾರುತ್ತಿದ್ದರು. ಕೈಯೆಲ್ಲ ಬೆಳ್ಳಗೆ, ಮಾತು ಮಾತ್ರ ಖಾರ. ಫಾರಂ ತುಂಬಿಸುತ್ತ ಕೇಳಿದೆ, “ಅವ್ವಾರ, ಮುಂದಿನ ಐದು ವರ್ಷಕ್ಕೆ ನಿಮ್ಮ ಯೋಜನೆ ಏನು?”

“ಅಲ್ಲಿ ತನಕ ನೀವು ಇದೇ ಆಫೀಸಿನ್ಯಾಗ ಇರ್ತೀರೇನ್ರಿ?”

“ಹೇಳಾಕಾಗಲ್ಲವ್ವ. ಯಾವಾಗ ಎಲ್ಲಿಗೆ ವರ್ಗಾ ಮಾಡ್ತಾರೋ.”

“ಸರ್ಕಾರದ ಪಗಾರ ತಗೊಳ್ಳೋರಿಗೇ ಮುಂದಿನ ವರ್ಷದ್ದು ಗೊತ್ತಿಲ್ಲ. ಸುಣ್ಣ ಕಲಸೋಳಿಗೆ ಐದು ವರ್ಷದ್ದು ಕೇಳ್ತೀರಿ.”

ಆ ಕಾಲಂ ಖಾಲಿ ಬಿಟ್ಟು ಸಹಿ ಹಾಕಿದೆ.

ಸ್ಥಳೀಯರು

ಸಿರುಗುಪ್ಪದಲ್ಲಿ ಒಬ್ಬ ಫಿಟ್ಟರ್ ಇಪ್ಪತ್ತು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದು, ಗಿರಣಿಯ ಪಟ್ಟಿಗೆ ಕೂರಿಸಿ ಭತ್ತ ಮೇಲೆತ್ತುವ ತಗಡಿನ ಬುಟ್ಟಿಗಳನ್ನು ತಾನೇ ಮಾಡತೊಡಗಿದ್ದ. ದೂರದಿಂದ ತರಿಸುತ್ತಿದ್ದ ಮಾಲು ಊರಲ್ಲೇ ಸಿಕ್ಕಿದ್ದಕ್ಕೆ ಗಿರಣಿಯವರೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು. ಅವನೂ ಅರ್ಜಿ ಹಾಕಿದ್ದ. ಆದರೆ ಕೆಲಸದವರು ಹೆಚ್ಚಿನಂಶ ಸ್ಥಳೀಯರಾಗಿದ್ದರೆ ಮಾತ್ರ ಸಹಾಯಧನ.

ಆ ಸಲ ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಇನ್ನೊಬ್ಬ ಅಧಿಕಾರಿ ನನ್ನ ಜೊತೆಗಿದ್ದರು. ಒಳಗೆ ಸುತ್ತಿಗೆ ಸದ್ದಿನ ನಡುವೆ ಎಲ್ಲರೂ ತೆಲುಗಿನಲ್ಲಿ ಮಾತಾಡುತ್ತಿದ್ದರು. ಅಧಿಕಾರಿ ಹುಬ್ಬು ಗಂಟಿಕ್ಕಿ ನನ್ನ ಕಿವಿಯಲ್ಲಿ, “ಇವರೆಲ್ಲ ಆಂಧ್ರದವರು. ಅರ್ಜಿ ನಿಲ್ಲಲ್ಲ” ಎಂದರು. ಫಿಟ್ಟರ್‌ಗೆ ಕೇಳಿಸಿತು. ಅವನ ಮುಖ ಬಾಡಿತು.

ಬುಟ್ಟಿಗೆ ರಿವೆಟ್ ಹೊಡೆಯುತ್ತಿದ್ದ ವಯಸ್ಸಾದ ಹೆಂಗಸು ಸುತ್ತಿಗೆ ಕೆಳಗಿಟ್ಟಳು. “ನಮ್ಮ ಮುತ್ತಜ್ಜ ಇದೇ ಊರಾಗ ಹುಟ್ಟ್ಯಾನ್ರೀ ಸಾಹೇಬ್ರ. ತೆಲುಗು ಬರ್ತೈತಿ, ಕನ್ನಡ ಬರ್ತೈತಿ, ಜಗಳಕ್ಕ ಉರ್ದು ಭಾಳ ಚಲೋ ಬರ್ತೈತಿ. ತಮ್ಮದು ಯಾವೂರು?”

“ಮೈಸೂರು ಹತ್ತಿರ.”

ಆಕೆ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದಳು. “ಹೊರಗಿನೋರು ಯಾರು ಅಂತ ಬರೀಲೇಬೇಕು ಅಂದ್ರ ನಿಮ್ಮ ಹೆಸರೊಂದೇ ಬರಕೊಳ್ರಿ. ಬ್ಯಾರೆ ಯಾರೂ ಇಲ್ಲ.”

ಅಧಿಕಾರಿ ಒಳ್ಳೆಯವರು. ಜೋರಾಗಿ ನಕ್ಕು ಅಲ್ಲೇ ಸಹಿ ಹಾಕಿದರು. ಅವರು ಬರೆದ ಒಕ್ಕಣೆ: ‘ತನಿಖೆಗೆ ಬಂದವನನ್ನು ಬಿಟ್ಟು ಎಲ್ಲರೂ ಸ್ಥಳೀಯರು.’

ಶೇಂಗಾ ಮಿಷನ್

ಕುರುಗೋಡಿನ ಒಬ್ಬ ಕಮ್ಮಾರ ಶೇಂಗಾ ಒಡೆಯುವ ಕೈಮಿಷನ್ ಕಟ್ಟಿದ್ದ. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದರೆ ಸಿಪ್ಪೆ ಬೇರೆ, ಬೀಜ ಬೇರೆ. ಶಾಲೆ ಮೆಟ್ಟಿಲು ಹತ್ತದ ಮನುಷ್ಯ ನೆಲದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ಅದನ್ನು ಮಾಡಿದ್ದ. ಶೆಡ್ ಕಟ್ಟಿ ಊರಿನ ಹತ್ತು ಜನಕ್ಕೆ ಕೆಲಸ ಕೊಡಬೇಕೆಂಬುದು ಅವನ ಆಸೆ. ಮಿಷನ್ ನೋಡಲು ನಮ್ಮ ಮೇಲಧಿಕಾರಿ, ಬ್ಯಾಂಕಿನವರೊಬ್ಬರು, ನಾನು, ಮೂವರೂ ಜೀಪಿನಲ್ಲಿ ಹೋದೆವು.

ಮಿಷನ್ ಇರಲಿಲ್ಲ.

“ನಿನ್ನಿ ಮಾರಿಬಿಟ್ಟೆ ಸಾಹೇಬ್ರ. ಮಳಿ ಬಿದ್ದೈತಿ, ಬಾದನಹಟ್ಟಿ ರೈತಗ ಬಿತ್ತಾಕ ಬೀಜ ಬೇಕಾಗಿತ್ತು.”

“ನಾವು ಬರೋದು ಗೊತ್ತಿತ್ತಲ್ಲಯ್ಯಾ?”

“ಗೊತ್ತಿತ್ರೀ. ಮಳಿ ನಿಮಗಿಂತ ಮೊದಲ ಬಂತು.”

ಅವನನ್ನೂ ಹತ್ತಿಸಿಕೊಂಡು ಬಾದನಹಟ್ಟಿಗೆ ಹೋದೆವು. ಅಂಗಳದಲ್ಲಿ ಮಿಷನ್ ನಡೆಯುತ್ತಿತ್ತು. ರೈತ ನಿಲ್ಲಿಸಲು ಒಪ್ಪಲಿಲ್ಲ. “ನಾಳಿ ಬಿತ್ತಿಗಿ ಐತ್ರಿ. ನೋಡೋದಾದ್ರ ನೀವೇ ಆಡಿಸಿ ನೋಡ್ರಿ” ಎಂದ. ಮೇಲಧಿಕಾರಿ ಹೊಲಸಾಗಬಾರದೆಂದು ಅಂಗಿ ಕಳಚಿ, ಬನೀನಿನಲ್ಲಿ ನಿಂತು ಹಿಡಿಕೆ ಹಿಡಿದರು. ಬೀಜ ಒಂದೂ ಒಡೆಯದೆ ಉದುರುವುದನ್ನು ಕಂಡು ಅವರಿಗೆ ಹುರುಪು ಬಂತು. ನಾವೂ ಬುಟ್ಟಿ ಸುರಿದೆವು, ಸಿಪ್ಪೆ ತೂರಿದೆವು. ಬಿಸಿಲು ಇಳಿಯುವವರೆಗೆ ಯಾರಿಗೂ ಹೊತ್ತು ಹೋದದ್ದು ತಿಳಿಯಲಿಲ್ಲ.

ಆಗ ಆ ಮನೆಯ ಮುದುಕಿ ಹೊರಗೆ ಬಂದಳು. ಆಕೆಗೆ ಕಣ್ಣು ಮಂಜು. ಆಳುಗಳಿಗೆ ಕೂಲಿಯ ಜೊತೆ ಶೇಂಗಾ ಕೊಡುವುದು ಆಕೆಯ ಪದ್ಧತಿ. ಸಾಲಾಗಿ ಎಲ್ಲರ ಉಡಿಗೂ ಹಾಕುತ್ತ ಬಂದು, ನನಗೂ ಬ್ಯಾಂಕಿನವರಿಗೂ ಒಂದೊಂದು ಬೊಗಸೆ ಕೊಟ್ಟಳು. ಹಿಡಿಕೆ ಹಿಡಿದೇ ನಿಂತಿದ್ದ ಮೇಲಧಿಕಾರಿಗೆ ಮಾತ್ರ ಅರ್ಧ ಬೊಗಸೆ.

“ತಮ್ಮಾ, ಒಳಗಿಂದ ಸಪ್ಪಳ ಕೇಳಾಕತ್ತಿದ್ದೆ. ನಿನ್ನ ಕೈ ಭಾಳ ಸಾವಕಾಶ. ನಾಳಿಂದ ಬರಬ್ಯಾಡ.”

ತನ್ನ ಶೆಡ್ ಹೋಯಿತೆಂದು ಕಮ್ಮಾರ ಬೆವತುಬಿಟ್ಟ. ಮೇಲಧಿಕಾರಿ ಶೇಂಗಾ ಕರವಸ್ತ್ರದಲ್ಲಿ ಕಟ್ಟಿಕೊಂಡು ಜೀಪಿನಲ್ಲಿ ಕೂತರು. ಒಂದು ಬೀಜ ಬಾಯಿಗೆ ಹಾಕಿಕೊಂಡು ಕೊನೆಗೆ, “ಮಿಷನ್ ಚೆನ್ನಾಗಿದೆ. ಶೆಡ್ ಮಂಜೂರು ಮಾಡ್ತೀನಿ” ಎಂದರು.

ಕಮ್ಮಾರ ಓಡಿ ಬಂದ. ಅವರ ಋಣ ಹೇಗೆ ತೀರಿಸಬೇಕೋ ತಿಳಿಯದೆ ಜೀಪಿನ ಕಂಬಿ ಹಿಡಿದುಕೊಂಡು, ಮನಸಾರೆ ಹೇಳಿದ:

“ಮುದುಕಿ ಬರಬ್ಯಾಡ ಅಂದ್ಲು ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಶೆಡ್ ಆಗಲಿ, ಹತ್ತು ಮಂದ್ಯಾಗ ನಿಮ್ಮನ್ನೇ ಮೊದಲ ಕೆಲಸಕ್ಕ ತಗೋತೀನಿ.”