ಮೊದಲು ನನ್ನ ಹೊಟ್ಟೆ ನೋಡಿ!

"ಮುದ್ರೆಯಿಲ್ಲದ ಮೆಷಿನ್ನು ನನ್ನ ಮಗೂನ ನೋಡೋ ಹಾಗಿಲ್ಲ! ನಾನೇ ಖುದ್ದಾಗಿ ಬರ್ತೀನಿ, ಪರೀಕ್ಷೆ ಮಾಡ್ತೀನಿ, ಆಮೇಲೇ ಸ್ಕ್ಯಾನಿಂಗು!"

ಬೆಳಗ್ಗೆ ಬೂಟಿನ ದಾರ ಬಿಗಿಯುತ್ತಾ ತಕ್ಕಡಿ ಸಾಹೇಬರು ಈ ಘೋಷಣೆ ಹೊರಡಿಸಿದರು. ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸಿ ಸರ್ಕಾರಿ ಮುದ್ರೆ ಒತ್ತುವುದು ಅವರ ನೌಕರಿ. ವ್ಯಾಪಾರಿಗಳು ಬೆನ್ನ ಹಿಂದೆ ಇಟ್ಟ ಆ ಹೆಸರನ್ನು ಪಾಪ, ಬಿರುದೆಂದೇ ತಿಳಿದಿದ್ದರು! ಲೋಕದಲ್ಲಿ ನಂಬಬಹುದಾದ ವಸ್ತು ಒಂದೇ, ಅದು ತಾವೇ ಎಂಬುದು ಅವರ ಸಿದ್ಧಾಂತ. ಥರ್ಮಾಮೀಟರು ಜ್ವರ ತೋರಿಸಿದರೆ ಥರ್ಮಾಮೀಟರಿಗೇ ಜ್ವರ ಎನ್ನುವ ಜಾತಿ. ಊಟವಾದ ಮೇಲೆ ಬಲಪಕ್ಕೆಯಲ್ಲಿ ಹಿಂಡುವ ನೋವಿಗೆ ತಾವೇ ‘ಗ್ಯಾಸು’ ಎಂದು ತೀರ್ಪು ಕೊಟ್ಟು ವರ್ಷಗಟ್ಟಲೆ ನರಳುತ್ತಿದ್ದರು.

ಹೆಂಡತಿಗೆ ಐದನೇ ತಿಂಗಳು. ಮಗುವಿನ ನೆತ್ತಿಯಿಂದ ಪಾದದವರೆಗೆ ಎಲ್ಲ ಅಂಗಗಳನ್ನೂ ನೋಡುವ ಸ್ಕ್ಯಾನಿಂಗು ಅಂದು. ಹಿಂದಿನ ಸಲ ಡಾಕ್ಟರು, "ಹೃದಯ ಇನ್ನೂ ಸರಿಯಾಗಿ ಕಾಣ್ತಿಲ್ಲ, ಮುಂದಿನ ಸಲ ನೋಡೋಣ" ಎಂದಿದ್ದರು. ಅಂದಿನಿಂದ ಆಕೆಗೆ ನಿದ್ದೆಯೇ ಹತ್ತಿರಲಿಲ್ಲ.

"ರೀ, ದಮ್ಮಯ್ಯ, ಅಲ್ಲಿ ಬಾಯಿ ಬಿಡಬೇಡಿ. ಮಗು ಹೃದಯ ಚೆನ್ನಾಗಿದೆ ಅನ್ನೋ ಒಂದು ಮಾತು ಕಿವಿಗೆ ಬಿದ್ರೆ ನನಗೆ ಸಾಕು."

"ಅದಕ್ಕೇ ಹೇಳ್ತಿರೋದು! ಮೆಷಿನ್ನೇ ಕೆಟ್ಟಿದ್ರೆ ಆ ಮಾತಿಗೇನೇ ಬೆಲೆ?"

ಈ ಮಾತನ್ನು ಸಾಹೇಬರು ಆಗಲೇ ಮರೆತರು. ಹೆಂಡತಿ ಮರೆಯಲಿಲ್ಲ.

ಸ್ಕ್ಯಾನಿಂಗ್ ಕೋಣೆ ತಣ್ಣಗೆ, ಅರೆಗತ್ತಲಾಗಿತ್ತು. ಡಾಕ್ಟರಮ್ಮ ಜೆಲ್ ಬಾಟಲಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಸಾಹೇಬರು ಮೆಷಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿ ಹಿಂಬದಿಗೆ ಬಗ್ಗಿದರು. ಬೂಟು ವೈರಿಗೆ ಸಿಕ್ಕಿತು, ಮೆಷಿನ್ನು ಫಕ್ಕನೆ ಆರಿತು!

"ಏನು ಮಾಡ್ತಿದ್ದೀರಿ ಅಲ್ಲಿ?" ಡಾಕ್ಟರಮ್ಮ ವೈರು ಮತ್ತೆ ಸಿಕ್ಕಿಸಿ ಮೆಷಿನ್ನು ಹಚ್ಚುತ್ತಾ ಗದರಿದರು.

"ಮುದ್ರೆ ಹುಡುಕ್ತಿದ್ದೀನಿ. ಒಂದು ಕಿಲೋ ಬಟ್ಟು ಇಟ್ಟಾಗ ಒಂದು ಕಿಲೋ ತೋರಿಸಿದ್ರೆ ತಾನೇ ತಕ್ಕಡಿ ಸರಿ? ನಿಮ್ಮ ಮೆಷಿನ್ನಿಗೆ ಬಟ್ಟು ಯಾವುದು?"

"ಕಂಪನಿಯವರು ಬಂದು ಪರೀಕ್ಷೆ ಮಾಡ್ತಾರೆ ರೀ."

"ಅವರನ್ನ ಪರೀಕ್ಷೆ ಮಾಡೋರು ಯಾರು?" ಸಾಹೇಬರು ಎದೆಯುಬ್ಬಿಸಿದರು. "ನಾನೇ ಬಟ್ಟು! ಒಂದು ಐಬಿಲ್ಲದ ಶರೀರ. ಮೊದಲು ನನ್ನ ಹೊಟ್ಟೆ ನೋಡಿ! ಒಳಗೆ ಏನೂ ದೋಷ ಇಲ್ಲ ಅಂತ ತೋರಿಸಿದ್ರೆ ಮೆಷಿನ್ನು ಪಾಸು."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮನಿಗೆ ಹೇಗಾದರೂ ಈ ಪೀಡೆ ತೊಲಗಿದರೆ ಸಾಕಾಗಿತ್ತು. "ಎರಡೇ ನಿಮಿಷ. ಆಮೇಲೆ ಬಾಯಿಮುಚ್ಕೊಂಡು ಕೂತ್ಕೋಬೇಕು."

ಸಾಹೇಬರು ಸಿಂಹಾಸನವೇರುವವರಂತೆ ಮಂಚವೇರಿ ಅಂಗಿಯ ಗುಂಡಿ ಬಿಚ್ಚಿದರು. ತಣ್ಣನೆ ಜೆಲ್ ತಾಗಿದ್ದೇ ತಡ, "ಅಯ್ಯಯ್ಯಪ್ಪಾ!" ಎಂದು ಕಿರುಚಿದರು. ಡಾಕ್ಟರಮ್ಮ ಬಲಪಕ್ಕೆಯ ಕೆಳಗೆ ಕೈ ನಿಲ್ಲಿಸಿ ಪರದೆಯನ್ನೇ ನೋಡತೊಡಗಿದರು.

"ಊಟ ಆದ್ಮೇಲೆ ಇಲ್ಲಿ ನೋವು ಬರುತ್ತಾ?"

"ಇಲ್ವೇ ಇಲ್ಲ!"

"ಬರುತ್ತೆ ಡಾಕ್ಟ್ರೇ," ಎಂದಳು ಹೆಂಡತಿ. "ಹಿಡ್ಕೊಂಡು ಒದ್ದಾಡ್ತಾರೆ."

"ಪಿತ್ತಕೋಶದಲ್ಲಿ ಕಲ್ಲುಗಳಿವೆ. ಒಂದೆರಡಲ್ಲ, ರಾಶಿ. ಸರ್ಜನ್ನರನ್ನ ನೋಡಿ."

ಸಾಹೇಬರು ಛಂಗನೆ ಎದ್ದು ಕೂತರು. "ಹೇಳ್ಲಿಲ್ವಾ ನಾನು? ಕೆಟ್ಟಿದೆ! ಮೆಷಿನ್ನು ಪೂರ್ತಿ ಕೆಟ್ಟಿದೆ! ಈ ಕ್ಷಣದಿಂದ ಇದು ರದ್ದು!" ಎಂದು ಅಬ್ಬರಿಸಿ, ಹೊಟ್ಟೆಗೆ ಅಂಟಿದ ಅಂಗಿಯ ಸಮೇತ ಮೂಲೆಯ ಸ್ಟೂಲಿನಲ್ಲಿ ಗೆದ್ದವರಂತೆ ಕುಳಿತರು.

ಈಗ ಹೆಂಡತಿ ಮಲಗಿದಳು. ಡಾಕ್ಟರಮ್ಮ ತಲೆ, ಬೆನ್ನುಮೂಳೆ, ಕೈಕಾಲು ಎಲ್ಲ ನೋಡಿ ಎದೆಯ ಬಳಿ ಬಂದು ಕೈ ನಿಲ್ಲಿಸಿದರು. ಹೆಂಡತಿ ಮಂಚದ ಅಂಚನ್ನು ಬಿಗಿಯಾಗಿ ಹಿಡಿದಳು. ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡಳು. ಸ್ಟೂಲಿನ ಮೇಲಿನ ಸಾಹೇಬರೂ ಪರದೆಯತ್ತ ಕತ್ತು ಚಾಚಿದರು.

"ನೋಡಮ್ಮ, ನಾಲ್ಕು ಕೋಣೆಗಳೂ ಕಾಣ್ತಿವೆ. ರಕ್ತನಾಳಗಳೂ ಸರಿಯಾಗಿವೆ. ಹೃದಯ ಚೆನ್ನಾಗಿದೆ."

ಆಕೆಯ ಕಣ್ಣೀರು ಕಿವಿಯವರೆಗೆ ಹರಿಯಿತು. ಸಾಹೇಬರು ಸ್ಟೂಲು ಉರುಳಿಸಿಕೊಂಡೇ ಓಡಿಬಂದು ಪರದೆಗೆ ಮೂಗು ತಾಗಿಸಿದರು. "ನೋಡೇ, ಹೆಂಗೆ ಬಡ್ಕೋತಿದೆ! ಎಷ್ಟು ಸೊಗಸಾಗಿದೆ!"

ಹೆಂಡತಿ ಕಣ್ಣೊರೆಸಿಕೊಂಡು ನಿಧಾನವಾಗಿ ಇತ್ತ ತಿರುಗಿದಳು.

"ಮೆಷಿನ್ನೇ ಕೆಟ್ಟಿದ್ರೆ ಆ ಮಾತಿಗೇನೇ ಬೆಲೆ ಅಂದ್ರಿ ಬೆಳಗ್ಗೆ. ಈಗ ಹೇಳಿ. ಮೆಷಿನ್ನು ಸರಿಯಿದೆಯೋ, ಕೆಟ್ಟಿದೆಯೋ?"

ಜೀವಮಾನದಲ್ಲಿ ಎಷ್ಟೋ ವ್ಯಾಪಾರಿಗಳ ಬೆವರಿಳಿಸಿದ ಸಾಹೇಬರು ಆ ತಣ್ಣನೆಯ ಕೋಣೆಯಲ್ಲಿ ಬೆವೆತುಹೋದರು.

"ಮಗೂನ ನೋಡುವಾಗ ಸರಿಯಿತ್ತು... ನನ್ನನ್ನ ನೋಡುವಾಗ ಮಾತ್ರ ಸ್ವಲ್ಪ..."

"ರೀ!"

"ಸರಿಯಾಗಿದೆ ಕಣೇ."

"ಕೇಳಿಸ್ಲಿಲ್ಲ."

"ಮೆಷಿನ್ನು ಸರಿಯಾಗಿದೆ! ನನಗೇ ಕಲ್ಲಿದೆ! ಸಾಕಾ?"

ಹೊರಗೆ ಸರದಿ ಕಾಯುತ್ತಿದ್ದ ಬಸುರಿಯರೆಲ್ಲ ಗೊಳ್ಳೆಂದರು. ಡಾಕ್ಟರಮ್ಮ ನಗು ತಡೆದುಕೊಂಡು, ಸರ್ಜನ್ನರು ಪಕ್ಕದ ಕೋಣೆಯಲ್ಲೇ ಇದ್ದಾರೆಂದು ಬೆರಳು ತೋರಿಸಿದರು. ಬಾಗಿಲವರೆಗೆ ಹೋದ ಸಾಹೇಬರು ತಡೆಯಲಾರದೆ ಹಿಂತಿರುಗಿದರು.

"ಅಲ್ಲಾ... ಆ ಸರ್ಜನ್ನರ ಕತ್ತಿ ಸರಿಯಾಗಿದೆಯಾ ಅಂತ ಯಾರಾದ್ರೂ ಪರೀಕ್ಷೆ..."

"ಅದಕ್ಯಾಕೆ ಚಿಂತೆ ರೀ?" ಎಂದಳು ಹೆಂಡತಿ, ಹೊಟ್ಟೆ ಒರೆಸಿಕೊಳ್ಳುತ್ತಾ. "ಮೊದಲು ನಿಮ್ಮ ಹೊಟ್ಟೆ ಮೇಲೇ ನೋಡ್ತಾರೆ!"