ನೀಲಿಪಟ್ಟಿ ಟೀಮಿಗೆ ಒಯ್ದ ಬುತ್ತಿ

ಇವತ್ತು ರವಿವಾರ. ಬೆಳಗಿನಿಂದ ಮಾಡಿದ ಕೆಲಸಗಳು: ಅಂಗಳಕ್ಕೆ ನೀರು ಹೊಡೆದದ್ದು, ನಳ ಬಂದ ಮುಕ್ಕಾಲು ತಾಸಿನಲ್ಲಿ ಎರಡು ಬ್ಯಾರಲ್ಲು, ನಾಲ್ಕು ಕೊಡ ತುಂಬಿಸಿದ್ದು, ಗಿರಣಿಗೆ ಕಳಿಸಲು ಜೋಳ ಹಸನು ಮಾಡಿದ್ದು, ಹದಿನಾಲ್ಕು ರೊಟ್ಟಿ ಬಡಿದದ್ದು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದು, ನಮ್ಮ ಮನೆಯವರ ಮೂರು ಅಂಗಿಗಳ ಕಾಲರು ತಿಕ್ಕಿದ್ದು, ಮಾಳಿಗೆಯ ಮೇಲಿನ ಮೆಣಸಿನಕಾಯಿ ತಿರುವಿ ಹಾಕಿದ್ದು, ಮತ್ತು ಇವೆಲ್ಲದರ ನಡುವೆ ಎದುರಿನ ಮನೆಯ ಬಾಗಿಲ ಕಡೆಗೆ ಹತ್ತು ಹನ್ನೆರಡು ಸಲ ನೋಡಿದ್ದು. ಹನ್ನೊಂದು ದಿನಗಳ ಹಿಂದೆ ಆ ಬಾಗಿಲೊಳಗೆ ಹೋದ ನನ್ನ ಸ್ಟೀಲಿನ ಡಬ್ಬಿ ಇನ್ನೂ ಹೊರಗೆ ಬಂದಿರಲಿಲ್ಲ.

ಡಬ್ಬಿಯ ಆಸೆಗಾಗಿ ನೋಡಿದೆನೆಂದು ತಿಳಿಯಬೇಡಿ. ನಮ್ಮ ಇಂಡಿ ಊರಿನಲ್ಲಿ ಓಣಿಯ ಹೆಂಗಸರ ಅರ್ಧ ಮಾತುಕತೆ ಡಬ್ಬಿಗಳ ಮೂಲಕವೇ ನಡೆಯುತ್ತದೆ. ಕೊಟ್ಟ ಡಬ್ಬಿ ತುಂಬಿ ಬಂದರೆ ಒಂದು ಅರ್ಥ, ಖಾಲಿ ಬಂದರೆ ಇನ್ನೊಂದು, ಬರದೇ ಹೋದರೆ ಮೂರನೆಯದು. ಆ ಮೂರನೆಯದರ ಭಯ ನನಗೆ. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಬಾರದೆಂದು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ, ನಾನು ಹಾಕುವುದೂ ಇಲ್ಲ. ಆದರೆ ಗೊತ್ತಿಲ್ಲದ ವಿಷಯಕ್ಕೆ ಅಡುಗೆ ಮಾಡಿಕೊಂಡು ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿಲ್ಲದ ವಿಷಯವೆಂದರೆ ಫುಟ್‌ಬಾಲು.

ಆರು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಒಂದೂವರೆ ತಿಂಗಳು ಬಿಟ್ಟು ಬಂದು ನೋಡಿದರೆ ನಮ್ಮ ಪಡಸಾಲೆಯಲ್ಲಿ ಇಂಗ್ಲೆಂಡ್ ದೇಶ ಬಂದು ಕೂತಿತ್ತು. ಕೇಬಲ್ಲಿನವನು ಯಾವುದೋ ಲೆಕ್ಕ ತಪ್ಪಿ ಆಟದ ಚಾನೆಲ್ಲುಗಳನ್ನು ಬಿಟ್ಟಿದ್ದ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಅವರು ಕಂಡ ಮೊದಲ ಆಟದಲ್ಲೇ ಕೆಂಪಂಗಿ ಟೀಮು ಮೂರು ಗೋಲು ಮುಂದಿದ್ದು, ಕಡೆಗೆ ನಾಲ್ಕು ತಿಂದು ಸೋತಿತಂತೆ. "ಪಾಪ, ಲೆಕ್ಕದಾಗ ಕಚ್ಚಾ ಅದಾವ. ಇಂಥವ್ರನ್ನ ಕೈ ಬಿಡಬಾರ್ದು" ಎಂದು ದಡ್ಡ ಹುಡುಗರನ್ನು ಮುಂದಿನ ಬೆಂಚಿಗೆ ಕೂರಿಸಿಕೊಂಡ ಹಾಗೆ ಆ ಟೀಮನ್ನು ಹಚ್ಚಿಕೊಂಡರು. ಎದುರಿನ ಮನೆಯ ದಸ್ತಗೀರಸಾಬರು ಆ ದಿನ ಪಕ್ಕದಲ್ಲೇ ಕೂತಿದ್ದರು. ಲಿಂಬೆಹಣ್ಣಿನ ವ್ಯಾಪಾರ ಅವರದು. ಮಾಸ್ತರರು ಒಂದನ್ನು ಹಿಡಿದರೆ ಉಳಿದದ್ದು ತಮ್ಮದು ಎಂದು ನಾಲ್ಕು ಗೋಲು ಹೊಡೆದ ನೀಲಿಪಟ್ಟಿ ಟೀಮನ್ನು ಅವರು ಹಿಡಿದರು. ಆ ಟೀಮುಗಳ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ಅವು ಅಂಗಿಯ ಬಣ್ಣದ ಮೇಲೆಯೇ ಇವೆ.

ಅಂದಿನಿಂದ ಶನಿವಾರ, ರವಿವಾರ ಸಂಜೆಯಾದರೆ ದಸ್ತಗೀರಸಾಬರು ನಮ್ಮಲ್ಲಿ. ಅವರ ಮನೆಯಲ್ಲಿ ನಮ್ಮದಕ್ಕಿಂತ ದೊಡ್ಡ ಟಿವಿ ಇದೆ, ಆದರೆ ಅದರ ರಿಮೋಟು ಅವರ ತಾಯಿಯ ದಿಂಬಿನ ಕೆಳಗಿರುತ್ತದೆ. ಬರುವಾಗ ಒಂದು ಚೀಲದಲ್ಲಿ ಪೇಟೆಗೆ ಹೋಗದ ಚುಕ್ಕೆಬಿದ್ದ ಲಿಂಬೆ ತಂದು ಅಡಿಗೆಮನೆಯ ಹೊಸ್ತಿಲಲ್ಲಿಟ್ಟು "ಇದು ವೈನಿಗೆ" ಎಂದು ನನ್ನನ್ನು ಅತ್ತಿಗೆ ಮಾಡಿಕೊಂಡು ಹೇಳುತ್ತಿದ್ದರು. ಆಮೇಲೆ ಎರಡು ತಾಸು ಅವರಿಬ್ಬರೂ ಒಬ್ಬರನ್ನೊಬ್ಬರು ಹೀಯಾಳಿಸುವುದನ್ನು ಕೇಳಿದರೆ ಹೊಸಬರು ಪೋಲೀಸರನ್ನು ಕರೆಯಬೇಕು. "ಮಾಸ್ತರ, ನಿಮ್ಮ ಗೋಲ್‌ಕೀಪರ ಕೈಗೆ ಬೆಣ್ಣಿ ಹಚ್ಕೊಂಡು ನಿಂತಾನ್ರಿ." "ನಿಮ್ಮಾಂವ ಓಡೂದು ನೋಡು ದಸ್ತಗೀರ, ಸಾಲಿ ತಪ್ಸಾಕ ಹೊಟ್ಟಿ ಹಿಡ್ಕೊಂಡು ಹೊಂಟಂಗ ಐತಿ." ನಡುವೆ ಎರಡು ಸಲ ಚಹಾ. ಆಟ ಮುಗಿದ ಮೇಲೆ "ಬರ್ತೇನ್ರಿ ವೈನಿ" ಎಂದು ಚಪ್ಪಲಿ ಮೆಟ್ಟಿ ಹೋಗುವುದು. ಆರು ವರ್ಷ ಹೀಗೇ ನಡೆದಿತ್ತು.

ಈ ವರ್ಷ ನೀಲಿಪಟ್ಟಿಗೆ ದೆಸೆ ಕೆಟ್ಟಿತು. ನಮ್ಮ ಮನೆಯವರು ಒಂದು ಸಂಜೆ ಹಬ್ಬದ ಮುಖ ಹೊತ್ತು ಬಂದು, ಇನ್ನೇನು ಅವರು ಕೆಳಗಿಳಿಯುತ್ತಾರೆ ಎಂದರು. ಎಲ್ಲಿಂದ ಎಲ್ಲಿಗೆ ಎಂದು ಕೇಳಿದೆ.

"ಇಪ್ಪತ್ತು ಟೀಮು ಇರ್ತಾವ. ವರ್ಷದ ಕಡೀಕ ತಳದಾಗಿನ ಮೂರನ್ನ ತೆಳಗಿನ ವರ್ಗಕ್ಕ ದೂಡ್ತಾರ. ಎಂಟನೇ ವರ್ಗದಾಂವನ್ನ ಏಳನೇ ವರ್ಗಕ್ಕ ಕಳಿಸಿದಂಗ."

"ಫೇಲಾದ್ರ ಅದ ವರ್ಗದಾಗ ಕುಂದ್ರಸ್ತಾರಲ್ರಿ. ತೆಳಗ ಯಾಕ ಕಳಸ್ತಾರ?"

"ಅಲ್ಲಿ ಹಂಗ ಐತಿ."

"ಮತ್ತ ಇವ್ರು ಅಷ್ಟು ಕೆಟ್ಟ ಆಡ್ಯಾರೇನು?"

ಅಷ್ಟೇನೂ ಇಲ್ಲವಂತೆ. ಮಾಲೀಕನು ಮನಸ್ಸಿಗೆ ಬಂದಷ್ಟು ಸಾಲ ಮಾಡಿದ್ದಾನೆ, ಆಟಗಾರರ ಪಗಾರ ನಿಂತಿದೆ, ಮೈದಾನವನ್ನು ಒತ್ತೆ ಇಟ್ಟಿದ್ದಾನೆ, ಮೇಲಿನವರ ಲೆಕ್ಕಕ್ಕೆ ಸರಿಯಾದ ಕಾಗದ ಕೊಟ್ಟಿಲ್ಲ. ಅದಕ್ಕೆ ಶಿಕ್ಷೆಯಾಗಿ ಟೀಮಿನ ಆರು ಅಂಕ ಕಡಿದುಬಿಟ್ಟರಂತೆ. ಇಲ್ಲಿ ನನ್ನ ತಲೆ ನಿಂತುಹೋಯಿತು. ಸಾಲ ಮಾಡಿದವನು ಮಾಲೀಕ, ಅಂಕ ಹೋದದ್ದು ಬಿಸಿಲು ಮಳೆ ಎನ್ನದೆ ಓಡಿದ ಹುಡುಗರದು. ಅಪ್ಪ ಶಾಲೆಯ ಫೀ ಕಟ್ಟದಿದ್ದರೆ ಮಗನ ಗಣಿತದ ಮಾರ್ಕ್ಸು ಕಡಿಯುತ್ತೀರೇನು ಎಂದು ಕೇಳಿದೆ. ಗಣಿತದ ಮಾಸ್ತರರು, "ನಿನಗ ಫುಟ್‌ಬಾಲ್ ತಿಳಿಯೂದಿಲ್ಲ ಬಿಡು" ಎಂದರು. ಅದಂತೂ ಖರೆ.

ಅಂದಿನಿಂದ ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿ ಅವರ ವಶವಾಯಿತು. ನೀಲಿಪಟ್ಟಿ ಇಷ್ಟು ಸೋತು, ಮೇಲಿನವನು ಇಷ್ಟು ಗೆದ್ದರೆ, ನಡುವಿನವನು ಸಮ ಮಾಡಿಕೊಂಡರೆ, ಎಂದು ಪೆನ್ಸಿಲ್ಲಿನಲ್ಲಿ ಗಿಜಿಗಿಜಿ ಲೆಕ್ಕ. ಮುಂಬದಿಯಲ್ಲಿ ನಾನು ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರೆದಿರುತ್ತೇನೆ. ಪೆನ್ಸಿಲ್ಲು ಒತ್ತಿ ಒತ್ತಿ ಆ ತಾರೀಖಿನ ಮೇಲೆಯೇ ತೂತು ಬಿತ್ತು.

ಲೆಕ್ಕ ಶುರುವಾದ ಮೂರನೆಯ ಶನಿವಾರ ದಸ್ತಗೀರಸಾಬರು ಬಂದಾಗ ನಮ್ಮವರು ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ತಂದು ತೋರಿಸಿದರು. "ನೋಡು ದಸ್ತಗೀರ, ಎಲ್ಲಾ ದಿಕ್ಕಿನಿಂದ ಬಿಡಿಸೇನಿ, ಉತ್ತರ ಒಂದ ಬರ್ತೈತಿ. ಮೈದಾನ ಹೆಂಗೂ ಒತ್ತಿ ಬಿದ್ದೈತಿ. ಬಿಡಿಸ್ಕೊಂಡು ಲಿಂಬಿ ಗಿಡ ಹಚ್ಚಂತ ಹೇಳು ನಿಮ್ಮ ಮಾಲಕಗ." ಸಾಬರು ನಕ್ಕರು. ಚಹಾ ಕುಡಿದರು. ಲೋಟ ಕೆಳಗಿಡುವಾಗ ಮಾತ್ರ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟರು. ಮರುದಿನ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಲಿಂಬೆಯೂ ಬರಲಿಲ್ಲ.

ನಮ್ಮ ಮನೆಯವರಿಗೆ ಮೊದಲು ಗೆದ್ದ ಹಮ್ಮು. ಆಮೇಲೆ ಒಂಟಿತನ. ನೀಲಿಪಟ್ಟಿ ಸೋತ ಒಂದು ಸಂಜೆ ಖುರ್ಚಿಯಿಂದ ಎದ್ದು ಕೈ ತಟ್ಟಿದರು. ಪಕ್ಕದ ಖುರ್ಚಿ ಖಾಲಿ. ತಟ್ಟಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನನ್ನನ್ನು ಕರೆದರು. "ಬಾ ಇಲ್ಲಿ. ನೀ ನೀಲಿಪಟ್ಟಿಯಾಕಿ ಅಂತ ತಿಳ್ಕೋ. ನಾ ಅಂತೇನಿ, ನೀ ತಿರುಗಿ ಅನ್ನು." ನಾನು ಸೆರಗಿಗೆ ಕೈ ಒರೆಸಿಕೊಂಡು ಕೂತೆ. ಅವರು ಹೀಯಾಳಿಸಿದರು. "ಹೌದ್ರಿ, ಪಾಪ" ಎಂದೆ. "ಹಂಗಲ್ಲ, ಸಿಟ್ಟಿಗೇಳಬೇಕು." ನನಗೆ ಸಿಟ್ಟು ಬರಲಿಲ್ಲ, ಹಾಲು ಉಕ್ಕುವ ನೆನಪು ಬಂತು. ಎದ್ದು ಹೋದೆ.

ಮರುದಿನ ನಳದ ಹತ್ತಿರ ಸಾಬರ ಹೆಂಡತಿ ರಜಿಯಾ ಸಿಕ್ಕಳು. "ಏನ್ ಹೇಳ್ಲಿ ಅಕ್ಕಾ, ಸರೀಗೆ ಉಣ್ಣವಲ್ಲರು. ತಾಟಿನ ಮುಂದ ಕುಂದರ್ತಾರ, ಗ್ವಾಡಿ ನೋಡ್ತಾರ, ಏಳ್ತಾರ. ನಾನೂ ಒಲಿ ಹಚ್ಚೂದ ಬ್ಯಾಸರ ಮಾಡ್ಕೊಂಡೇನಿ" ಎಂದಳು.

ಉಣ್ಣುತ್ತಿಲ್ಲ, ಒಲೆ ಹಚ್ಚಲು ಬೇಸರ. ಈ ಎರಡು ಮಾತು ಕಿವಿಗೆ ಬಿದ್ದ ಮೇಲೆ ನಾನು ವಿಚಾರ ಮಾಡಲೇ ಇಲ್ಲ, ಕೈಗಳೇ ಮಾಡಿದವು. ಮನಗೂಳಿಯ ನನ್ನ ತವರಿನಲ್ಲಿ ಅವ್ವ ಕಲಿಸಿದ್ದು ಅದೇ: ಒಲೆ ಹಚ್ಚದ ಮನೆಗೆ ಬುತ್ತಿ ಒಯ್ಯಬೇಕು. ಆ ಬುಧವಾರ ಎಂಟು ರೊಟ್ಟಿ ಬಡಿದೆ, ಝುಣಕ ಮಾಡಿದೆ, ಅನ್ನ ಸಾರು ಮಾಡಿದೆ. ಸಿಹಿ ಮಾಡಲಿಲ್ಲ. ಮದುವೆಯಲ್ಲಿ ಬಂದ, ನನ್ನ ಹೆಸರು ಕೊರೆಸಿದ ದೊಡ್ಡ ಡಬ್ಬಿಗೆ ತುಂಬಿ, ಮೇಲೆ ಬಿಳಿ ವಸ್ತ್ರ ಹೊಚ್ಚಿ, ಬೀದಿ ದಾಟಿದೆ. ರಜಿಯಾಳ ಕೈಗೆ ಕೊಟ್ಟು, "ಇದ್ದದ್ದ ಉಣ್ಣಬೇಕವ್ವಾ, ಜೀವ ಗಟ್ಟಿ ಮಾಡ್ಕೋರಿ" ಎಂದು, ಬರ್ತೇನಿ ಎನ್ನದೆ ತಿರುಗಿ ಬಂದೆ. ಸತ್ತವರ ಮನೆಯಿಂದ ಹೊರಡುವಾಗ ಬರ್ತೇನಿ ಎನ್ನಬಾರದಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆ ತಲೆಗೆ ಹೊಳೆಯಿತು, ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಗುರುಬಾಯಿ ಕಾಕು, ಸಾವಿನ ಮನೆಯ ಬುತ್ತಿಗೆ ಹೊಚ್ಚುವ ಆ ಬಿಳಿ ವಸ್ತ್ರ ನೋಡಿಯಾಗಿತ್ತು. ದಸ್ತಗೀರಸಾಬರ ತಾಯಿಗೆ ವಯಸ್ಸಾಗಿದೆ, ಕಾಕುಗೆ ಅಷ್ಟು ಸಾಕು. ಮಧ್ಯಾಹ್ನದೊಳಗೆ ಆ ಮನೆಗೆ ಇನ್ನೂ ನಾಲ್ಕು ಬುತ್ತಿ ಹೋದವು. ಮೂರು ಗಂಟೆಗೆ ಝಳಕಿಯಿಂದ ಸಾಬರ ಅಕ್ಕ ಬಸ್ಸಿಳಿದು, ಓಣಿಯ ತುದಿಯಿಂದಲೇ ಅಳುತ್ತಾ ಬಂದರು. ಒಳಗೆ ಅವರ ತಾಯಿ ದಿಂಬಿಗೊರಗಿ ಧಾರಾವಾಹಿ ನೋಡುತ್ತಾ ನನ್ನ ಝುಣಕ ಉಣ್ಣುತ್ತಿದ್ದರಂತೆ. "ಯಾರ್ ಹೋದ್ರೇ?" ಎಂದು ಮಗಳನ್ನೇ ಕೇಳಿದರಂತೆ. ಎಲ್ಲ ಡಬ್ಬಿಗಳನ್ನೂ ಸಾಲಾಗಿಟ್ಟು ವಿಚಾರಣೆ ನಡೆದಾಗ ಮೊದಲು ಬಂದದ್ದು ಯಾವುದೆಂದು ಹೊರಬಿತ್ತು. ಹೆಸರು ಕೊರೆಸಿದ್ದರಿಂದ ನಾನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಖುರ್ಚಿಯಲ್ಲಿ ನೆಟ್ಟಗಾದರು. "ಇನ್ನೂ ಮೂರು ಮ್ಯಾಚ್ ಅದಾವ. ಲೆಕ್ಕದ ಪ್ರಕಾರ ಜೀವ ಐತಿ. ಜೀವ ಇರೂ ಟೀಮಿಗೆ ಬುತ್ತಿ ಒಯ್ದೆಲ್ಲ ನೀ." ಆಮೇಲೆ ಮೆಲ್ಲಗೆ, "ಆರು ವರ್ಷಾತು, ಇಂಥಾ ಏಟು ನನಗ ಒಂದೂ ಹೊಳೀಲಿಲ್ಲ" ಎಂದರು. ಅದರಲ್ಲಿ ಬೈಗುಳ ಎಷ್ಟು, ಮೆಚ್ಚುಗೆ ಎಷ್ಟು ಎಂದು ನನಗೆ ಇವತ್ತಿಗೂ ಬಿಡಿಸಲಾಗಿಲ್ಲ. ನಾನು ಕನಿಕರದಿಂದ ಮಾಡಿದ್ದು ಅವರ ಎಲ್ಲ ಹೀಯಾಳಿಕೆಗಿಂತ ದೊಡ್ಡದಾಗಿತ್ತು. ರಜಿಯಾ ನಳದ ಹತ್ತಿರ ನಗುತ್ತಿದ್ದಳು, ಆದರೆ ಡಬ್ಬಿಯ ಮಾತು ಎತ್ತಲಿಲ್ಲ. ಉಳಿದ ನಾಲ್ಕು ಮನೆಗಳ ಡಬ್ಬಿ ಮೂರನೆಯ ದಿನವೇ ಮರಳಿದ್ದವು. ನನ್ನದು ಮಾತ್ರ ಇಲ್ಲ. ಕ್ಷಮೆ ಕೇಳಿಬರೋಣವೆಂದರೆ, ಬುತ್ತಿ ಒಯ್ದದ್ದಕ್ಕೆ ಕ್ಷಮೆ ಕೇಳುವ ಮಾತು ನಮ್ಮ ಕಡೆ ಯಾರೂ ಹುಟ್ಟಿಸಿಯೇ ಇಲ್ಲ.

ಇವತ್ತು ಸಂಜೆ ನೀಲಿಪಟ್ಟಿಯ ಆಟವಿತ್ತು. ಇದನ್ನು ಬಿಟ್ಟರೆ ಮುಂದಿನ ರವಿವಾರದ್ದೇ ಕಡೆಯದು. ಐದು ಗಂಟೆಗೆ ನಮ್ಮವರು ಟಿವಿ ಹಚ್ಚಿ ಒಬ್ಬರೇ ಕೂತರು. ನಾನು ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಎದುರಿನ ಬಾಗಿಲು ತೆರೆಯಿತು. ದಸ್ತಗೀರಸಾಬರು ಡಬ್ಬಿ ಹಿಡಿದು ಬೀದಿ ದಾಟುತ್ತಿದ್ದರು. ತುಂಬಿದ ಡಬ್ಬಿ ಹಿಡಿದವರ ಭುಜ ಬೇರೆ, ಖಾಲಿ ಹಿಡಿದವರದು ಬೇರೆ. ಆದರೆ ನನ್ನ ಕಣ್ಣು ಆಗ ಒದ್ದೆಯಾಗಿ, ಖಾರದ ಕೈ ಬೇರೆ ತಾಗಿ, ಏನೂ ಕಾಣಲಿಲ್ಲ.

ಅವರು ಅದನ್ನು ಅಡಿಗೆಮನೆಯ ಹೊಸ್ತಿಲಲ್ಲಿಟ್ಟರು. ಮುಚ್ಚಳದವರೆಗೆ ಲಿಂಬೆ. ಚುಕ್ಕೆ ಇಲ್ಲದವು, ಪೇಟೆಗೆ ಹೋಗುವಂಥವು. "ಖಾಲಿ ಡಬ್ಬಿ ಕೊಡಬಾರ್ದಂತ ರಜಿಯಾ ಹೇಳಿದ್ಲು. ಹೊಸ ಫಸಲು ಬರೂತನಕ ತಡೀ ಅಂದೆ. ಅದಕ್ಕ ತಡಾ ಆತ್ರಿ ವೈನಿ" ಎಂದರು. ಒಳಗೆ ಹೋಗಿ ತಮ್ಮ ಖುರ್ಚಿಯಲ್ಲಿ ಕೂತು, "ಏನ್ ಮಾಸ್ತರ, ಮಣ್ಣು ಮಾಡಾಕ ಕುಂತೀರೇನು?" ಎಂದರು. ನಮ್ಮವರು ಸರಿದು ಕೂತು, "ಮಂದಿ ಬರ್ಲೆಂತ ಕಾಯಾಕತ್ತಿದ್ದೆ" ಎಂದರು. ಅಷ್ಟೇ, ಆರು ವರ್ಷ ಮತ್ತೆ ಜೋಡಿಸಿಕೊಂಡಿತು. ನಾನು ಚಹಾ ಇಟ್ಟೆ, ಸಕ್ಕರೆ ಒಂದು ಚಮಚ ಹೆಚ್ಚೇ ಬಿತ್ತು.

ಆಟ ಇನ್ನೇನು ಮುಗಿಯಲು ಬಂದಾಗ ನೀಲಿಪಟ್ಟಿ ಒಂದು ಗೋಲು ಹೊಡೆಯಿತು. ಸಾಬರು ಎದ್ದು ನಿಂತರು. ನಮ್ಮ ಮನೆಯವರೂ ಎದ್ದು ಮುಷ್ಟಿ ಬಿಗಿದು ಗಾಳಿಯಲ್ಲಿ ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ. "ಯಾಕ್ರಿ?" ಎಂದೆ. "ಕೈಗೆ ಜೋಮು ಹಿಡಿದಿತ್ತು" ಎಂದರು.

ಆಟ ಮುಗಿದ ಮೇಲೆ ಪರದೆಯ ಮೇಲೆ ಇಪ್ಪತ್ತು ಹೆಸರಿನ ಪಟ್ಟಿ ಬಂತು. ಅದನ್ನು ನಾನು ತಳದಿಂದ ಓದಿದ್ದು ಇವತ್ತೇ ಮೊದಲು. ತಳದಿಂದ ಮೂರನೆಯದರ ಮುಂದೆ ಕೆಂಪಂಗಿಯ ಗುರುತಿತ್ತು. ನೀಲಿಪಟ್ಟಿ ಅದಕ್ಕಿಂತ ಒಂದು ಅಂಕ ಮೇಲೆ.

"ರೀ, ಇದು ನಮ್ಮದಲ್ಲೇನ್ರಿ?"

ನಮ್ಮವರು ಕನ್ನಡಕ ಒರೆಸಿದರು. "ನಿನ್ನೆ ಸೋತೇವಿ. ಈಗ ಇವ್ರು ಗೆದ್ರಲ್ಲ, ಅದಕ್ಕ."

"ಮತ್ತ ಇಷ್ಟು ದಿನ?"

"ಇಷ್ಟು ದಿನ ನಾವು ಮ್ಯಾಲ ಇದ್ವಿ."

"ಎಷ್ಟು ಮ್ಯಾಲ?"

"ಇವ್ರ ಮ್ಯಾಲ."

ಎಲ್ಲ ದಿಕ್ಕಿನಿಂದ ಬಿಡಿಸಿದ ಲೆಕ್ಕದಲ್ಲಿ ಅವರು ತಮ್ಮ ಟೀಮನ್ನು ಒಂದು ದಿಕ್ಕಿನಿಂದಲೂ ಹಾಕಿ ನೋಡಿರಲಿಲ್ಲ. ದಸ್ತಗೀರಸಾಬರು ನಗಲಿಲ್ಲ, ಹೀಯಾಳಿಸಲೂ ಇಲ್ಲ. ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು, ಬಹಳ ಮೆತ್ತಗೆ, "ಮಾಸ್ತರ, ಹೊತ್ತಿಗೆ ಸರಿಯಾಗಿ ಉಣ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, "ಬರ್ತೇನ್ರಿ ವೈನಿ" ಎಂದರು.

ಡಬ್ಬಿಯ ಜೊತೆ ಮರಳಿದ ಬಿಳಿ ವಸ್ತ್ರವನ್ನು ಮಡಿಚಿ ಟ್ರಂಕಿನ ತಳಕ್ಕಿಡಲು ಹೋದೆ. ಇನ್ನೊಂದು ಆಟ ಬಾಕಿ ಇರುವುದು ನೆನಪಾಗಿ ಮೇಲೆಯೇ ಇಟ್ಟೆ. ಬುತ್ತಿ ಬೀದಿಯ ಆ ಕಡೆಗೆ ಹೋಗಬೇಕಾಗುತ್ತದೋ, ಈ ಕಡೆಗೇ ಬರುತ್ತದೋ, ರಜಿಯಾಳ ಹತ್ತಿರ ಬಿಳಿ ವಸ್ತ್ರ ಇದೆಯೋ ಇಲ್ಲವೋ.

ರಾತ್ರಿ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಮೊಸರು, ಹೊಸ ಲಿಂಬೆಯ ಹೋಳು. ನಮ್ಮ ಮನೆಯವರು ಮೂರು ರೊಟ್ಟಿ ತಿಂದು, ಕೈ ತೊಳೆದು, ಮೊದಲು ನಿದ್ದೆ ಹೋದರು. ನಾನು ಒಂದು ರೊಟ್ಟಿಗೇ ಎದ್ದು, ಕ್ಯಾಲೆಂಡರಿನ ಹಿಂಬದಿ ತಿರುವಿ ಪೆನ್ಸಿಲ್ಲು ಹುಡುಕಿದೆ. ಯಾಕೋ ಊಟ ಸೇರಲಿಲ್ಲ.