ಸೌತೆಕಾಯಿ ಸಾಲಿನಲ್ಲಿ ನಮ್ಮ ಬ್ಯಾಕಪ್ಪು

ನಮ್ಮ ಚಿನ್ನಿ ನಡೆದಳು! ಈ ಬರಹದ ಮುಖ್ಯ ವಿಷಯ ಇಷ್ಟೇ. ಉಳಿದದ್ದೆಲ್ಲ ಅದರ ಹಿಂದಿನಿಂದ ಬಂದ ಗಲಾಟೆ.

ಚಿನ್ನಿ ಎಂದರೆ ನನ್ನ ಮೊಮ್ಮಗಳು. ಮಗ ಸತೀಶನ ಮಗಳು. ನಮ್ಮ ಊರು ಪೈವಳಿಕೆಯಲ್ಲಿ ಮಕ್ಕಳು ನಡೆಯುವುದು ಹೊಸತಾ ಎಂದು ನೀವು ಕೇಳಬಹುದು. ಕೇಳಿ, ನನಗೇನೂ ಬೇಜಾರಿಲ್ಲ. ಆದರೆ ಇವಳ ಹಾಗೆ ಯಾರೂ ನಡೆದಿಲ್ಲ! ಜಗಲಿಯಲ್ಲಿ ಹಿಡಿದ ಗೋಡೆ ಬಿಟ್ಟು, ಎರಡೂ ಕೈ ಮೇಲೆತ್ತಿ, ಆಗ ಹುಟ್ಟಿದ ಕರುವಿನ ಹಾಗೆ ತೂರಾಡುತ್ತಾ ಸೀದಾ ನನ್ನ ಹತ್ತಿರ ಬಂದಳು. ಎದುರು ಬದಿಯಲ್ಲಿ ನನ್ನ ಹೆಂಡತಿ ಗಿರಿಜೆ ಕೂತಿದ್ದಳು. ಅವಳ ಹತ್ತಿರ ಅಲ್ಲ. ನನ್ನ ಹತ್ತಿರ!

"ಸುಳ್ಳು ಹೇಳಬೇಡಿ. ಮಗು ಬಂದದ್ದು ನನ್ನ ಮಡಿಲಿಗೆ" ಎಂದು ಗಿರಿಜೆ ಆವತ್ತೇ ವಾದ ಶುರು ಮಾಡಿದಳು.

"ನಿನಗೆ ಕಣ್ಣು ಮಂಜು."

"ಕಣ್ಣು ಮುಚ್ಚಿ ಕೂತದ್ದು ಯಾರು?"

ಆ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥವಾಗುವ ಅಗತ್ಯವೂ ಕಾಣಲಿಲ್ಲ. ಯಾಕೆಂದರೆ ಸಾಕ್ಷಿ ಉಂಟು! ಸೊಸೆ ವಿನಯಾ ಶಾಲೆಯಲ್ಲಿ ಟೀಚರು. ಆಗ ಅವಳು ಜಗಲಿಯ ಬೆಂಚಿನ ಮೇಲೆ ಮೊಬೈಲು ನಿಲ್ಲಿಸಿ ಮಕ್ಕಳಿಗೆ ಕಳಿಸಲಿಕ್ಕೆ ಪಾಠದ ವಿಡಿಯೋ ಮಾಡುತ್ತಿದ್ದಳು. ಕುಕ್ಕರು ಕೂಗಿತೆಂದು ಒಳಗೆ ಓಡಿದಳು. ಮೊಬೈಲು ಮಾತ್ರ ನೋಡುತ್ತಲೇ ಇತ್ತು. ಚಿನ್ನಿ ನಡೆದದ್ದು ಆಗಲೇ!

"ಈಗಲೇ ನೋಡುವಾ ಮಾವ" ಎಂದಳು ವಿನಯಾ.

"ಬೇಡ! ಬರುವ ವಾರ ಚಿನ್ನಿಯ ಹುಟ್ಟುಹಬ್ಬ ಉಂಟಲ್ಲ, ಆವತ್ತು ಹತ್ತು ಜನರ ಎದುರು ಟಿವಿಯಲ್ಲಿ ನೋಡುವುದು. ಅಲ್ಲಿವರೆಗೆ ಯಾರೂ ಸಾಕ್ಷಿಯ ಮುಖ ನೋಡತಕ್ಕದ್ದಲ್ಲ" ಎಂದು ನಾನು ತೀರ್ಪು ಕೊಟ್ಟೆ.

"ಆಗಲಿ. ಮರ್ಯಾದೆ ಹೋಗುವುದಾದರೆ ಊರವರ ಎದುರೇ ಹೋಗಲಿ" ಎಂದಳು ಗಿರಿಜೆ. ಯಾರ ಮರ್ಯಾದೆ ಎಂದು ಹೇಳಲಿಲ್ಲ.

ಮೊಬೈಲಿನಲ್ಲಿ ಜಾಗ ಇಲ್ಲವೆಂದು ವಿನಯಾ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲು ಖಾಲಿ ಮಾಡಿದಳು. ಲ್ಯಾಪ್‌ಟಾಪೂ ಹಳತು. ಅದಕ್ಕೆ ಒಂದು ಸಣ್ಣ ಕಪ್ಪು ಡಬ್ಬಿ ತಂದು ಅದರೊಳಗೆ ಇನ್ನೊಂದು ಪ್ರತಿ ಇಳಿಸಿದಳು. ಹಾರ್ಡ್ ಡಿಸ್ಕ್ ಅಂತ ಹೆಸರು. ಹೀಗೆ ಮಾಡುವುದಕ್ಕೆ ಬ್ಯಾಕಪ್ ಎನ್ನುತ್ತಾರಂತೆ.

"ಇದನ್ನು ಜಾಗ್ರತೆಯಲ್ಲಿ ಇಡಬೇಕು ಮಾವ. ನೀರು ತಾಗಬಾರದು, ನೆಲಕ್ಕೆ ಬೀಳಬಾರದು, ಚಿನ್ನಿಯ ಕೈಗೆ ಸಿಗಬಾರದು, ಇಲಿ ಕಚ್ಚಬಾರದು."

ನನಗೆ ನಗು ಬಂತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು, ನಿಜ. ಆದರೆ ಕಾಪಿಡುವ ವಿದ್ಯೆ ನನಗೆ ಕಲಿಸುವುದಾ! ಕೊಯ್ಲಾದ ಗದ್ದೆಯಲ್ಲಿ ತರಕಾರಿ ಬೆಳೆದು ಬಂದ್ಯೋಡು ಪೇಟೆಯಲ್ಲಿ ಮಾರಿ ಬದುಕಿದವ ನಾನು. ಬೇಸಗೆಯ ಸಾಂಬಾರು ಸೌತೆಕಾಯಿ ನಮ್ಮಲ್ಲಿ ದೀಪಾವಳಿಗೂ ಗಟ್ಟಿ ಇರುತ್ತದೆ. ಹೇಗೆ? ಬಾಳೆನಾರಿನಲ್ಲಿ ಕಟ್ಟಿ ಅಡಿಗೆಕೋಣೆಯ ಹೆಂಚಿನ ಮಾಡಿನ ಪಕ್ಕಾಸಿನ ಮರಕ್ಕೆ ನೇತು ಹಾಕುತ್ತೇವೆ. ನೀರಿಲ್ಲ, ನೆಲವಿಲ್ಲ, ಮಗುವಿಲ್ಲ, ಇಲಿಯಿಲ್ಲ. ಸೊಸೆ ಹೇಳಿದ ಕಾನೂನೆಲ್ಲ ಸೌತೆಕಾಯಿಯ ಕಾನೂನೇ!

ಬಾಳೆನಾರು ನೆನೆಸಿ, ಒರೆಸಿ, ಡಬ್ಬಿಗೆ ಒಳ್ಳೆಯ ತೊಟ್ಟಿಲು ಹೆಣೆದೆ. ಏಣಿ ಇಟ್ಟು ಸೌತೆಕಾಯಿಗಳ ಸಾಲಿನಲ್ಲಿ ಕಟ್ಟಿದೆ. ಅದೂ ಎಲ್ಲಿ? ಸೌದೆ ಒಲೆಯ ನೇರ ಮೇಲೆ. ಹೊಗೆ ತಾಗಿದರೆ ಹುಳ ಹಿಡಿಯುವುದಿಲ್ಲ. ಕೆಳಗೆ ನಿಂತು ನೋಡಿದೆ. ಏನು ಚೆಂದ! ಹಳದಿ ಸೌತೆಕಾಯಿಗಳ ನಡುವೆ ನಮ್ಮ ಚಿನ್ನಿಯ ನಡಿಗೆ ಮೆಲ್ಲ ತೂಗುತ್ತಿತ್ತು.

ವಿನಯಾ ಸಂಜೆ ಕೇಳಿದಳು, "ಎಲ್ಲಿಟ್ಟಿರಿ?"

"ಯಾರೂ ಮುಟ್ಟದ ಜಾಗದಲ್ಲಿ" ಎಂದೆ ಗಂಭೀರವಾಗಿ. ಅವಳಿಗೆ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿ. ಹೆಚ್ಚು ಕೇಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿವಂತ ಎಂದೇ ಸಾಯುತ್ತಿದ್ದೆ. ಹುಟ್ಟುಹಬ್ಬದ ಹಿಂದಿನ ದಿನ ಪಕ್ಕದ ಮನೆಯ ಮೋನಪ್ಪಣ್ಣ ಒಂದು ಪೆನ್ ಡ್ರೈವ್ ತಂದ. ಅದರಲ್ಲಿ ಒಂದು ಇಡೀ ಯಕ್ಷಗಾನ ತಾಳಮದ್ದಳೆ. ಬಂದ ನೆಂಟರಿಗೆ ಕೇಳಿಸುವಾ ಎಂದು ಇಬ್ಬರೂ ಲ್ಯಾಪ್‌ಟಾಪಿನ ಎದುರು ಕೂತೆವು. ಜಾಗ ಇಲ್ಲ ಎಂದು ಅದು ಕೆಂಪು ಗೆರೆ ತೋರಿಸಿತು.

"ಎಂತ ಮಾಡುವುದು ಭಾವ?" ಎಂದ ಮೋನಪ್ಪಣ್ಣ.

"ಮಾಡುವುದೆಂತ? ಚಿನ್ನಿಯ ಫೋಟೋ, ವಿಡಿಯೋ ಎಲ್ಲ ಮೇಲೆ ಭದ್ರ ಉಂಟು. ಕಾಯಿ ಅಟ್ಟಕ್ಕೆ ಹೋದ ಮೇಲೆ ಅಂಗಳದಲ್ಲಿ ಯಾಕೆ ಹರಡಿಕೊಳ್ಳುವುದು?"

ಸೊಸೆ ಕಲಿಸಿದ ಹಾಗೆ ಒತ್ತಿದೆ. ಅಳಿಸಿದೆ. ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರವೊಂದು ತುಂಬಿ ತುಳುಕುತ್ತಿತ್ತು. ತುಂಬಿದ ಕಸವನ್ನು ಹಾಗೇ ಬಿಡುವ ಜಾತಿ ನಾನಲ್ಲ. ಅದನ್ನೂ ಚೆಲ್ಲಿದೆ! ತಾಳಮದ್ದಳೆ ಸಲೀಸಾಗಿ ಒಳಗೆ ಹೋಗಿ ಕೂತಿತು. "ನೀವು ಇಂಜಿನಿಯರ್ ಆಗಬೇಕಿತ್ತು" ಎಂದ ಮೋನಪ್ಪಣ್ಣ. ನನಗೂ ಹಾಗೇ ಅನಿಸಿತು.

ಹುಟ್ಟುಹಬ್ಬ ಬಂತು. ಚಿನ್ನಿಗೆ ಹಸಿರು ಲಂಗ! ಪಾಯಸದ ಊಟವಾಯಿತು. ನಾನು ಶಾಲು ಹೊದ್ದು ಟಿವಿಯ ಪಕ್ಕ ನಿಂತೆ. "ಮಾನ್ಯರೇ, ಈಗ ಸತ್ಯ ಹೊರಗೆ ಬರಲಿದೆ" ಎಂದೆ. ಸತೀಶ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ವಿನಯಾ ಹುಡುಕಿದಳು. ಮತ್ತೆ ಹುಡುಕಿದಳು.

"ಚಿನ್ನಿಯದ್ದು ಯಾವುದೂ ಇಲ್ಲ! ಹುಟ್ಟಿದ ದಿನದ್ದೂ ಇಲ್ಲ!"

"ಹೆದರಬೇಡ ಮಗಾ, ಅದನ್ನು ನಾನೇ ತೆಗೆದದ್ದು. ಬ್ಯಾಕಪ್ ಉಂಟಲ್ಲ!" ಎಂದು ಎಲ್ಲರನ್ನೂ ಅಡಿಗೆಕೋಣೆಗೆ ಕರೆದುಕೊಂಡು ಹೋದೆ. ಮಾಡಿನ ಕಡೆ ಕೈ ತೋರಿಸಿದೆ. ನೆಂಟರೆಲ್ಲ ಕತ್ತೆತ್ತಿ ನೋಡಿದರು. ವಿನಯಾ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು.

ಏಣಿ ತರುವಷ್ಟು ತಾಳ್ಮೆ ಯಾರಿಗೆ? ಸೌತೆಕಾಯಿ ಇಳಿಸುವ ಕೊಕ್ಕೆ ಕೋಲು ತೆಗೆದುಕೊಂಡು ನಾರಿಗೆ ಸಿಕ್ಕಿಸಿ ಎಳೆದೆ. ಸೌತೆಕಾಯಿಯಾದರೆ ಅಲ್ಲೇ ಕೈಗೆ ಬೀಳುತ್ತದೆ. ಆದರೆ ಮಸಿ ಹಿಡಿದ ಡಬ್ಬಿ ಜಾರಿತು. ಬಿತ್ತು. ಎಲ್ಲಿಗೆ? ಒಲೆಯ ಪಕ್ಕ ದನಕ್ಕೆಂದು ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಹಾಕಿಟ್ಟ ಅಕ್ಕಚ್ಚಿನ ಬಾಲ್ದಿಗೆ!

ಬುಳುಂಕ್.

ಎಲ್ಲರೂ ಬಾಲ್ದಿಗೆ ಬಗ್ಗಿ ನೋಡಿದರು. ಚಿನ್ನಿ ಮಾತ್ರ ಚಪ್ಪಾಳೆ ತಟ್ಟಿದಳು.

"ಮಾವ" ಎಂದಳು ವಿನಯಾ. "ಬ್ಯಾಕಪ್ ಎಂದರೆ ಎರಡು ಕಡೆ ಇರಬೇಕು. ನೀವು ಒಂದು ಕಡೆಯದ್ದು ಅಳಿಸಿದಿರಿ, ಇನ್ನೊಂದನ್ನು ದನಕ್ಕೆ ಹಾಕಿದಿರಿ."

ಆಗ ಗಿರಿಜೆಯ ಜೊತೆಗಿನ ವಾದ ಮರೆತೇಹೋಯಿತು. ಮಗುವಿನ ಮೊದಲ ನಗು, ಮೊದಲ ಹಲ್ಲು, ಮೊದಲ ಹೆಜ್ಜೆ. ಚಿನ್ನಿ ದೊಡ್ಡವಳಾಗಿ ಕೇಳಿದರೆ ಎಂತ ಹೇಳುವುದು? ಅಜ್ಜ ಅಕ್ಕಚ್ಚಿಗೆ ಹಾಕಿದರು ಅಂತಲಾ? ತಪ್ಪು ನನ್ನದು, ಹೋದದ್ದನ್ನು ವಾಪಸು ತರುವವನೂ ನಾನೇ. ತರದೆ ಈ ಮನೆಯಲ್ಲಿ ಪಾಯಸ ಮುಟ್ಟುವುದಿಲ್ಲ ಎಂದು ಎಲ್ಲರ ಎದುರು ಪ್ರತಿಜ್ಞೆ ಮಾಡಿದೆ. (ಊಟದಲ್ಲಿ ಆಗಲೇ ಮುಟ್ಟಿ ಆಗಿತ್ತು.)

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ, ಡಬ್ಬಿಯನ್ನು ಜೋಳಿಗೆಯಲ್ಲಿ ಹಾಕಿ ಉಪ್ಪಳದ ಬಸ್ಸು ಹತ್ತಿದೆ. ಅಲ್ಲಿ ಗಲ್ಫಿನಿಂದ ಬಂದು ಕಂಪ್ಯೂಟರ್ ಅಂಗಡಿ ಇಟ್ಟ ರಂಸೀನ ಎಂಬ ಹೆಂಗಸು ಇದ್ದಾಳೆ. ಬಾಯಿ ಜೋರು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

"ಎಂತ ಅಜ್ಜರೇ, ಇದನ್ನು ಒಗ್ಗರಣೆ ಹಾಕಿದ್ದಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ನಕ್ಕು ನಕ್ಕು ಮೇಜಿಗೆ ತಲೆ ಇಟ್ಟಳು. ಪಕ್ಕದ ಚಪ್ಪಲಿ ಅಂಗಡಿಯವರನ್ನು ಕರೆದು ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಕಣ್ಣೊರೆಸಿಕೊಂಡು, "ಡಬ್ಬಿ ಹೋಯ್ತು. ಆದರೆ ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದು ಅಷ್ಟು ಬೇಗ ಸಾಯುವುದಿಲ್ಲ. ಹೆಸರು ಹೋಗ್ತದೆ, ಸಾಮಾನು ಒಳಗೇ ಇರ್ತದೆ. ಅದರ ಮೇಲೆ ಬೇರೆ ಎಂತಾದ್ರೂ ತುಂಬಿಸಿದ್ರಾ?"

"ತಾಳಮದ್ದಳೆ."

"ಎಷ್ಟು ಹೊತ್ತಿನದ್ದು?"

"ಸಂಜೆಯಿಂದ ಬೆಳಗಿನವರೆಗಿನದ್ದು."

"ಯಾ ಅಲ್ಲಾ!"

ನನಗೆ ವಿಷಯ ತಿಳಿಯಿತು. ಕೊಯ್ದ ಗದ್ದೆಯಲ್ಲಿ ಬಿದ್ದ ಕಾಳು ಹೆಕ್ಕಬಹುದು. ನಾನೋ ಅದರ ಮೇಲೆ ಉಳುಮೆ ಮಾಡಿ ಬಂದಿದ್ದೆ!

"ಆದರೂ ಹುಡುಕು ಮಗಳೇ. ನಾನು ಇಲ್ಲಿಂದ ಏಳುವುದಿಲ್ಲ."

"ನಾಳೆ ಬನ್ನಿ."

"ಏಳುವುದಿಲ್ಲ."

ಬಂದ ಬಸ್ಸು ತಿರುಗಿ ಹೋಯಿತು, ಮತ್ತೆ ಬಂತು. ನಾನು ಸ್ಟೂಲು ಬಿಡಲಿಲ್ಲ. ಯಂತ್ರ ಒಂದೊಂದೇ ಹೆಕ್ಕಿ ಕೊಟ್ಟಿತು. ಮೊದಲು ನಾನು ತೆಗೆದ, ನನ್ನ ಹೆಬ್ಬೆರಳೇ ಅಡ್ಡ ಬಂದ ಫೋಟೋಗಳು. ರಾಶಿ! ಮತ್ತೆ ಪ್ರಶ್ನೆಪತ್ರಿಕೆ. ಮತ್ತೆ ಸತೀಶನ ಮದುವೆ, ಅದರಲ್ಲಿ ಅರ್ಧ ಜನರಿಗೆ ತಲೆ ಇಲ್ಲ. ಮಧ್ಯಾಹ್ನ ರಂಸೀನ ತನ್ನ ಪತ್ತಿರಿ ರೊಟ್ಟಿಯಲ್ಲಿ ಪಾಲು ಕೊಟ್ಟಳು. "ತಿನ್ನಿ ಅಜ್ಜರೇ, ನೀವು ಬಿದ್ದರೆ ನಿಮ್ಮ ಬ್ಯಾಕಪ್ ಇಲ್ಲ" ಎಂದಳು. ಸಂಜೆಯ ಹೊತ್ತಿಗೆ ತೊಟ್ಟಿಲಿನಲ್ಲಿ ಚಿನ್ನಿ ಬಂದಳು. ತಾಳಮದ್ದಳೆ ಹೋಗಿ ಕೂತದ್ದು ಬೇರೆ ಮೂಲೆಯಲ್ಲಂತೆ! ಬೊಚ್ಚುಬಾಯಿ ಚಿನ್ನಿ, ಹಲ್ಲಿನ ಚಿನ್ನಿ! ಕೊನೆಗೆ ಜಗಲಿ, ಬೆಂಚು, ಪಾಠ ಮಾಡುವ ವಿನಯಾ.

"ಇದೇ! ಇದೇ! ನಿಲ್ಲಿಸು! ಇನ್ನು ನೋಡಬಾರದು!"

"ಪೂರ್ತಿ ಸರಿ ಉಂಟಾ ನೋಡುವುದು ಬೇಡ್ವಾ?"

"ಬೇಡ. ಗಿರಿಜೆಯ ಎದುರೇ ನೋಡುವುದು!" ಗೆದ್ದ ಕೂಡಲೇ ವಾದ ನೆನಪಾಗಿತ್ತು.

ಆ ಭಾನುವಾರ ಜನರನ್ನು ಮತ್ತೆ ಕರೆದೆ. ಟಿವಿಯಲ್ಲಿ ಕುಕ್ಕರು ಕೂಗಿತು. ವಿನಯಾ ಓಡಿದಳು. ಚಿನ್ನಿ ಗೋಡೆ ಬಿಟ್ಟಳು. ಬಂದಳು, ಬಂದಳು, ನನ್ನ ಹತ್ತಿರವೇ ಬಂದಳು!

"ನೋಡಿದಿರಾ!" ಎಂದು ನಾನು ಹಾರಿದೆ.

"ಮುಂದೆ ನೋಡಿ" ಎಂದಳು ಗಿರಿಜೆ.

ಟಿವಿಯಲ್ಲಿದ್ದ ನಾನು ಸಂತೋಷ ತಡೆಯಲಾರದೆ ಹೆಗಲಿನ ಬೈರಾಸು ಟವೆಲಿನಲ್ಲಿ ಮುಖ ಮುಚ್ಚಿ ಅಳಲಿಕ್ಕೆ ಶುರು ಮಾಡಿದ್ದೆ. ಚಿನ್ನಿ ನನ್ನ ಇನ್ನೊಂದು ಕೈಯಲ್ಲಿದ್ದ ಹಲಸಿನ ಹಪ್ಪಳ ಕಿತ್ತುಕೊಂಡಳು. ತಿರುಗಿದಳು. ಈ ಸಲ ತೂರಾಡದೆ ಗಟ್ಟಿಯಾಗಿ ನಡೆದು ಹೋಗಿ ಗಿರಿಜೆಯ ಮಡಿಲಲ್ಲಿ ಕೂತು ಅವಳ ಬಾಯಿಗೆ ಹಪ್ಪಳ ಇಟ್ಟಳು. ನಾನು ಬೈರಾಸಿನೊಳಗಿನಿಂದ "ನನ್ನ ಹತ್ತಿರ ಬಂದಳು, ನನ್ನ ಹತ್ತಿರ ಬಂದಳು" ಎಂದು ಹೇಳುತ್ತಲೇ ಇದ್ದೆ. ಕೈ ಖಾಲಿ.

ಮೋನಪ್ಪಣ್ಣ ಕೆಮ್ಮಿದ. "ಭಾವ, ಮಗು ಬಂದದ್ದು ಹಪ್ಪಳದ ಹತ್ತಿರ."

ಗಿರಿಜೆ ಸೊಸೆಯ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದಳು, "ಮಗಾ, ಈ ಬ್ಯಾಕಪ್ ಎಂದರೆ ಹೇಗೆ ಮಾಡುವುದು?"

ಕಲಿತಳು ನೋಡಿ! ಈಗ ಆ ವಿಡಿಯೋ ಅವಳ ಮೊಬೈಲಿನಲ್ಲಿ ಉಂಟು, ತಂಗಿಯ ಮೊಬೈಲಿನಲ್ಲಿ ಉಂಟು, ದುಬೈಯಲ್ಲಿರುವ ಅವಳ ತಮ್ಮನಲ್ಲಿ ಉಂಟು, ರಂಸೀನಳ ಅಂಗಡಿಯಲ್ಲೂ ಉಂಟು. ಬಂದ್ಯೋಡಿಗೆ ಹೋದರೆ ಮೀನಿನವರು ಕೂಡ "ಹಪ್ಪಳದ ಅಜ್ಜರೇ" ಎಂದು ಕರೆಯುತ್ತಾರೆ. ಅಳಿಸಲಿಕ್ಕೆ ಎಲ್ಲಿಂದ ಶುರು ಮಾಡಲಿ?

ಆದರೆ ಸೋತೆ ಎಂದು ಎಣಿಸಬೇಡಿ. ನಾನೂ ಪಾಠ ಕಲಿತಿದ್ದೇನೆ. ದಿನಾ ಸಂಜೆ ಜಗಲಿಯಲ್ಲಿ ಕೂರುವಾಗ ನನ್ನ ಎರಡೂ ಕೈಯಲ್ಲಿ ಹಪ್ಪಳ ಇರುತ್ತದೆ. ಒಂದನ್ನು ಕಿತ್ತುಕೊಂಡು ಅಜ್ಜಿಯ ಹತ್ತಿರ ಓಡುತ್ತಾಳೆ. ಓಡಲಿ.

ಇನ್ನೊಂದು ಬ್ಯಾಕಪ್ಪು!